ಉಗ್ರಾಣದ ಲೆಕ್ಕಕ್ಕೆ ಸಿಗದ ಚೂರಿ

ಸೈನ್ಯ ನಡೆಯುವುದು ಲೆಕ್ಕದ ಮೇಲೆ. ಸಿಪಾಯಿಗೆ ಕೊಟ್ಟ ಬಂದೂಕಿಗೆ ನಂಬರು ಇರುತ್ತದೆ, ಬಯೊನೆಟ್ಟಿಗೆ ಕಾರ್ಖಾನೆಯ ಮುದ್ರೆ ಇರುತ್ತದೆ, ಬೂಟು, ಕಂಬಳಿ, ನೀರಿನ ಬಾಟಲಿ ಸಹ ಯಾವುದೋ ರಿಜಿಸ್ಟರಿನ ಸಾಲಿನಲ್ಲಿ ಕುಳಿತಿರುತ್ತವೆ. ಈ ಲೆಕ್ಕದ ಹೊರಗೆ ಉಳಿಯುವ ವಸ್ತು ಒಂದಿದೆ. ಕೆಟ್ಟು ನಿಂತ ಲಾರಿಯ ಸ್ಪ್ರಿಂಗ್ ಪಟ್ಟಿಯನ್ನೋ, ಸವೆದ ಅರವನ್ನೋ, ತುಂಡಾದ ಬಯೊನೆಟ್ಟನ್ನೋ ಅಲಗಾಗಿ ತಿದ್ದಿ, ನೆಲಕ್ಕೆ ಬಿದ್ದ ವಿಮಾನದ ಅಲ್ಯೂಮಿನಿಯಂ ಅಥವಾ ಕಿಟಕಿಯ ಪರ್ಸ್ಪೆಕ್ಸ್ ತುಂಡಿನಿಂದ ಹಿಡಿ ಕೂಡಿಸಿ ಸಿಪಾಯಿ ತನಗಾಗಿ ಮಾಡಿಕೊಂಡ ಚೂರಿ ಅದು. ಯುದ್ಧದ ಇತಿಹಾಸ ಬರೆಯುವವರು ಇದನ್ನು ಕುತೂಹಲದ ವಸ್ತುವೆಂದು ಬದಿಗೆ ಸರಿಸುತ್ತಾರೆ, ಮನೆಯವರು ಶೌರ್ಯದ ಗುರುತೆಂದು ಗೋಡೆಗೆ ತೂಗುಹಾಕುತ್ತಾರೆ. ಎರಡೂ ಸಾಲದು ಎಂಬುದು ನನ್ನ ವಾದ. ಕೈಯಿಂದ ಮಾಡಿದ ಯುದ್ಧದ ಚೂರಿ ಒಂದು ದಾಖಲೆ, ಮತ್ತು ಸರ್ಕಾರಿ ದಾಖಲೆ ಯಾವ ಜಾಗವನ್ನು ಖಾಲಿ ಬಿಟ್ಟಿದೆಯೋ ಆ ಜಾಗದ ದಾಖಲೆ. ಸಿಪಾಯಿಗೆ ಏನನ್ನು ಕೊಡಲಿಲ್ಲ, ಯಾವ ಸಿಪಾಯಿಯ ಹೆಸರನ್ನು ಹೇಳಲಿಲ್ಲ ಎಂಬ ಎರಡು ಸಂಗತಿಗಳನ್ನು ಅದು ತೋರಿಸಬಲ್ಲದು. ಇದನ್ನು ಪರೀಕ್ಷಿಸಲು ಉತ್ತರ ಕನ್ನಡದ ಘಟ್ಟದ ಮೇಲಿನ ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡದಷ್ಟು ತಕ್ಕ ನೆಲ ಕರ್ನಾಟಕದಲ್ಲಿ ಮತ್ತೊಂದಿಲ್ಲ. ಒಂದು ಕಡೆ ಬೆಳಗಾವಿಯ ಮರಾಠಾ ಲೈಟ್ ಇನ್ಫೆಂಟ್ರಿಗೆ ಮಕ್ಕಳನ್ನು ಕಳಿಸುತ್ತ ಬಂದ ಹಳಿಯಾಳದ ಹಳ್ಳಿಗಳಿವೆ, ಇನ್ನೊಂದು ಕಡೆ ಹೊರಗೆ ಹೇಳಬಾರದ ಯುದ್ಧಗಳಲ್ಲಿ ಹೋರಾಡಿದ ಟಿಬೆಟಿಯನ್ನರ ವಸತಿ ಮುಂಡಗೋಡದಲ್ಲಿದೆ.

ಮೊದಲು ಹೊರಗಿನ ಸಾಕ್ಷ್ಯ ನೋಡೋಣ. 1914ರಲ್ಲಿ ಯುರೋಪಿನ ಸೈನ್ಯಗಳು ಯುದ್ಧಕ್ಕೆ ಹೊರಟಾಗ ಉದ್ದ ಬಂದೂಕು, ಅದರ ತುದಿಗೆ ಉದ್ದ ಬಯೊನೆಟ್ಟು ಇದ್ದವು. ಕೆಲವೇ ತಿಂಗಳಲ್ಲಿ ಯುದ್ಧ ಕಂದಕಕ್ಕೆ ಇಳಿಯಿತು. ಇಬ್ಬರು ಪಕ್ಕಪಕ್ಕ ನಿಲ್ಲಲಾಗದ ಇಕ್ಕಟ್ಟಿನಲ್ಲಿ ಆ ಉದ್ದವೇ ತೊಡಕಾಯಿತು. ಫ್ರೆಂಚ್ ಸಿಪಾಯಿಗಳು ಮುಳ್ಳುತಂತಿಯ ಬೇಲಿಗೆ ಹೂಳುವ ಉಕ್ಕಿನ ಗೂಟಗಳನ್ನು ಕಾಯಿಸಿ, ಒಂದು ತುದಿಯನ್ನು ಚೂಪು ಮಾಡಿ, ಇನ್ನೊಂದನ್ನು ಹಿಡಿಯಾಗಿ ಬಗ್ಗಿಸಿ ಇರಿಯುವ ಆಯುಧ ಮಾಡಿಕೊಂಡರು. ಅದಕ್ಕೆ ‘ಫ್ರೆಂಚ್ ಮೊಳೆ’ ಎಂಬ ಹೆಸರೇ ಬಂತು. ಕಾರ್ಖಾನೆಯಲ್ಲಿ ಮಾಡಿದ ಕಂದಕದ ಚೂರಿಗಳು ಬಂದದ್ದು ಆಮೇಲೆ. ಎರಡನೇ ಮಹಾಯುದ್ಧದಲ್ಲೂ ಇದೇ ಕ್ರಮ. ಶಾಂಘೈ ಪೊಲೀಸ್ ಪಡೆಯಲ್ಲಿದ್ದ ಫೇರ್‌ಬೇರ್ನ್ ಮತ್ತು ಸೈಕ್ಸ್ ರೂಪಿಸಿದ ಕಮಾಂಡೋ ಚೂರಿಯನ್ನು ಲಂಡನ್ನಿನ ವಿಲ್ಕಿನ್ಸನ್ ಸ್ವೋರ್ಡ್ ಕಂಪನಿ ಮಾಡತೊಡಗಿದ್ದು ಯುದ್ಧ ಶುರುವಾಗಿ ಒಂದು ವರ್ಷ ದಾಟಿದ ಮೇಲೆ. 1941ರ ಡಿಸೆಂಬರಿನಲ್ಲಿ ಯುದ್ಧಕ್ಕೆ ಇಳಿದ ಅಮೆರಿಕ ತನ್ನ ಸೈನಿಕರಿಗೆ ಎಂ-3 ಎಂಬ ಚೂರಿಯನ್ನು ನಿಗದಿ ಮಾಡಿದ್ದು 1943ರಲ್ಲಿ. ನಡುವಿನ ಅವಧಿಯಲ್ಲಿ ಅಮೆರಿಕದ ಮನೆಗಳಿಂದ ಬೇಟೆಯ ಚೂರಿಗಳು ಪೆಸಿಫಿಕ್ ದ್ವೀಪಗಳಿಗೆ ಹೋದವು, ಅಲ್ಲಿನ ದುರಸ್ತಿ ಶೆಡ್ಡುಗಳಲ್ಲಿ ಸಿಪಾಯಿಗಳು ತಾವೇ ಚೂರಿ ಮಾಡಿಕೊಂಡರು. ಬ್ರಿಟಿಷರ 4ನೇ ನಂಬರಿನ ಬಂದೂಕಿಗೆ ಕೊಟ್ಟ ಬಯೊನೆಟ್ಟಂತೂ 8 ಇಂಚಿನ ಬರೀ ಉಕ್ಕಿನ ಸರಳು. ಅದರಿಂದ ಇರಿಯಬಹುದಿತ್ತು, ಹಗ್ಗ ಕೊಯ್ಯಲು, ಡಬ್ಬಿ ತೆರೆಯಲು, ಬಿದಿರು ಸವರಲು ಬರುತ್ತಿರಲಿಲ್ಲ. ಕೊಟ್ಟ ವಸ್ತುವಿಗೂ ಬೇಕಾದ ವಸ್ತುವಿಗೂ ನಡುವಿನ ಈ ಅಂತರದಲ್ಲೇ ಕೈಚೂರಿ ಹುಟ್ಟುತ್ತದೆ. ಉಗ್ರಾಣದ ರಿಜಿಸ್ಟರು ಕೊಟ್ಟದ್ದನ್ನು ಬರೆದಿಡುತ್ತದೆ, ಕೊಡದೆ ಹೋದದ್ದನ್ನು ಬರೆದಿಡುವುದಿಲ್ಲ.

ಈ ಚೂರಿಗಳ ಲೋಹವನ್ನೂ ಸ್ವಲ್ಪ ತಿಳಿಯಬೇಕು, ಏಕೆಂದರೆ ನನ್ನ ವಾದದ ಬಲ ಅಲ್ಲಿದೆ. ಯುದ್ಧಭೂಮಿಯ ಗುಜರಿಯಲ್ಲಿ ಸಿಗುವ ಕಬ್ಬಿಣವೆಲ್ಲ ಅಲಗಿಗೆ ಬರುವುದಿಲ್ಲ. ಸಿಡಿದ ಶೆಲ್ಲಿನ ಚೂರು, ಜೀಪಿನ ಮೈ ತಗಡು, ತೈಲದ ಪೀಪಾಯಿ ಇವೆಲ್ಲ ಇದಕ್ಕೆ ಆಗದ ಮಾಲು. ವಾಹನದ ಭಾರ ಹೊರುವ ಸ್ಪ್ರಿಂಗ್ ಪಟ್ಟಿ ಮಾತ್ರ ಬೇರೆ ಜಾತಿಯದು. ನೂರಕ್ಕೆ ಅರ್ಧ ಭಾಗದಿಂದ ಸ್ವಲ್ಪ ಮೇಲೆ ಇಂಗಾಲವಿರುವ, ಸಿಲಿಕಾನ್, ಮ್ಯಾಂಗನೀಸ್ ಅಥವಾ ಕ್ರೋಮಿಯಂ ಬೆರೆತ ಉಕ್ಕು ಅದು. ಬಾಗಿ ಮತ್ತೆ ನೆಟ್ಟಗಾಗುವ ಗುಣ ಅದರಲ್ಲಿರುವುದರಿಂದ ಪೆಟ್ಟಿಗೆ ಮುರಿಯದು, ಸಾಣೆ ಹಿಡಿದರೆ ಅಂಚು ನಿಲ್ಲುತ್ತದೆ. ಕುಲುಮೆಯಲ್ಲಿ ಕೆಂಪಗೆ ಕಾಯಿಸಿ ಬಡಿದು, ಅಂಚನ್ನು ಎಣ್ಣೆಯಲ್ಲೋ ನೀರಿನಲ್ಲೋ ಅದ್ದಿ ಹದ ಹಾಕಿ, ಮತ್ತೆ ಹದವಾಗಿ ಬಿಸಿ ತೋರಿಸಿ ಸೆಡವು ತೆಗೆದರೆ ಒಳ್ಳೆಯ ಕತ್ತಿ ಸಿದ್ಧ. ಅರದ ಉಕ್ಕಿನಲ್ಲಿ ಇಂಗಾಲ ಇದರ ಎರಡು ಪಟ್ಟು. ಅದರ ಅಂಚು ಇನ್ನೂ ಹರಿತ, ಆದರೆ ಹದ ತಪ್ಪಿದರೆ ಗಾಜಿನಷ್ಟು ಬಿರುಸು. ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ, ಇದ್ದಿಲ ಒಲೆಗೆ ತಿದಿ ಒತ್ತಿದರೂ ಸಾಕು, ಮರಳಿನ ಅಚ್ಚಿನಲ್ಲಿ ಹಿಡಿ ಎರೆಯಬಹುದು. ಪರ್ಸ್ಪೆಕ್ಸ್ ಕುದಿಯುವ ನೀರಿನ ಬಿಸಿಗೇ ಮೆದುವಾಗತೊಡಗುತ್ತದೆ. ಪ್ರಪಂಚದ ಬೇರೆ ಬೇರೆ ಮೂಲೆಗಳಲ್ಲಿ, ಒಬ್ಬರನ್ನೊಬ್ಬರು ಕಾಣದ ಸಿಪಾಯಿಗಳು ಇದೇ ನಾಲ್ಕೈದು ವಸ್ತುಗಳನ್ನು ಆರಿಸಿಕೊಂಡದ್ದು ಆಕಸ್ಮಿಕವಲ್ಲ. ಅವರ ನಡುವೆ ಊರಿನಲ್ಲಿ ಕುಲುಮೆ ಕಂಡು ಬೆಳೆದವರಿದ್ದರು. ನೇಪಾಳದ ಕಾಮಿ ಸಮುದಾಯದ ಕಮ್ಮಾರರು ಇಂದಿಗೂ ಖುಕುರಿ ಬಡಿಯುವುದು ಹಳೆಯ ವಾಹನಗಳ ಸ್ಪ್ರಿಂಗ್ ಪಟ್ಟಿಯಿಂದಲೇ. ನಮ್ಮ ಹಳ್ಳಿಯ ಕಂಬಾರರ ಕೊಡಲಿ, ಕೊಯ್ತಾಗಳ ಉಕ್ಕೂ ಬಹುಪಾಲು ಲಾರಿಯದೇ.

ಹಳಿಯಾಳದ ಕಡೆಯ ಸಾಕ್ಷ್ಯಕ್ಕೆ ಬರೋಣ. ಮರಾಠಾ ಲೈಟ್ ಇನ್ಫೆಂಟ್ರಿಯ ತರಬೇತಿ ಕೇಂದ್ರ 1922ರಿಂದ ಬೆಳಗಾವಿಯಲ್ಲಿದೆ. ಖಾನಾಪುರ, ಹಳಿಯಾಳ ಸೀಮೆಯ ಮರಾಠಾ ರೈತ ಕುಟುಂಬಗಳಿಗೆ ಆ ರೆಜಿಮೆಂಟು ಉದ್ಯೋಗವೂ ಹೌದು, ಮನೆತನದ ಮಾತೂ ಹೌದು. ಎರಡನೇ ಮಹಾಯುದ್ಧದಲ್ಲಿ ಈ ರೆಜಿಮೆಂಟಿನ ಬೆಟಾಲಿಯನ್ನುಗಳು ಎರಿಟ್ರಿಯಾ, ಉತ್ತರ ಆಫ್ರಿಕಾ, ಇಟಲಿ, ಬರ್ಮಾ ಗಡಿ ಎಲ್ಲ ಕಡೆ ಕಾದಾಡಿದವು. 1944ರ ಜುಲೈ 10ರಂದು ಇಟಲಿಯಲ್ಲಿ ಮಡಿದ ಯಶವಂತ ಘಾಡ್ಗೆ ಅವರಿಗೆ ವಿಕ್ಟೋರಿಯಾ ಕ್ರಾಸ್ ಬಂದದ್ದು ಎಲ್ಲರಿಗೂ ತಿಳಿದ ವಿಷಯ. ನನ್ನ ವಾದಕ್ಕೆ ಬೇಕಾದದ್ದು ಅದೇ ವರ್ಷದ ಮಾರ್ಚಿನಲ್ಲಿ ಮಣಿಪುರದ ಸಾಂಗ್‌ಶಾಕ್ ಗುಡ್ಡದ ಮೇಲೆ ನಡೆದ ಕಾಳಗ. ಕೊಹಿಮಾ, ಇಂಫಾಲದ ಕಡೆ ನುಗ್ಗುತ್ತಿದ್ದ ಜಪಾನಿ ಪಡೆಯನ್ನು ಅಲ್ಲಿ ತಡೆದು ನಿಲ್ಲಿಸಿದ್ದು 50ನೇ ಭಾರತೀಯ ಪ್ಯಾರಾಚೂಟ್ ಬ್ರಿಗೇಡು. ಅದರ ಜೊತೆಗೆ ನಿಂತದ್ದು ಮರಾಠಾ ರೆಜಿಮೆಂಟಿನ 4ನೇ ಬೆಟಾಲಿಯನ್. ಆ ಪಡೆಗೆ ಮುಳ್ಳುತಂತಿಯೇ ಇರಲಿಲ್ಲ. ಮೂರು ಅಡಿ ಅಗೆದರೆ ಬಂಡೆ. ಕುಡಿಯುವ ನೀರು ಸಾಲದು. ವಿಮಾನದಿಂದ ಎಸೆದ ಮದ್ದುಗುಂಡಿನ ಬಹುಪಾಲು ಶತ್ರುವಿನ ಕಡೆ ಹೋಗಿ ಬಿತ್ತು. ಮಾರ್ಚ್ 26ರ ರಾತ್ರಿ ಹಿಂದೆ ಸರಿಯುವ ಹೊತ್ತಿಗೆ ಅವರು ಗಳಿಸಿಕೊಟ್ಟ ಐದಾರು ದಿನಗಳು ಕೊಹಿಮಾ, ಇಂಫಾಲಗಳನ್ನು ಉಳಿಸಲು ನೆರವಾದವು ಎಂದು ಯುದ್ಧದ ಇತಿಹಾಸಕಾರರು ಮುಂದೆ ಒಪ್ಪಿದರು. ಇಂಥ ಕಡೆ ಸೈನಿಕನ ಸೊಂಟದ ಕತ್ತಿ ಕೊಲ್ಲುವ ಆಯುಧ ಎಂಬುದಕ್ಕಿಂತ ಹೆಚ್ಚಾಗಿ ಬಿದಿರು ಕಡಿಯುವ, ಪೆಟ್ಟಿಗೆ ಸೀಳುವ, ಪ್ಯಾರಾಚೂಟಿನ ಹಗ್ಗ ಕೊಯ್ಯುವ ಸಾಧನ. ಬರ್ಮಾ ಕಾಡಿಗಿಳಿದ ಪಡೆಗಳು ಖುಕುರಿಯನ್ನೋ ಅಲ್ಲಿನ ಹಳ್ಳಿಗರ ‘ದಾ’ ಎಂಬ ಉದ್ದಗತ್ತಿಯನ್ನೋ ಜೊತೆಗಿಟ್ಟುಕೊಂಡದ್ದು ಇದೇ ಕಾರಣಕ್ಕೆ.

ಇಲ್ಲಿ ಒಂದು ಬಲವಾದ ಆಕ್ಷೇಪ ಏಳುತ್ತದೆ. ಯುದ್ಧದ ಕೈಚೂರಿಗಳಲ್ಲಿ ಹೆಚ್ಚಿನವು ಮುಂಚೂಣಿಯಲ್ಲಿ ಹುಟ್ಟಿದವೇ ಅಲ್ಲ. ಹಿಂದಿನ ಸಾಲಿನ ವಿಮಾನ ದುರಸ್ತಿ ಶೆಡ್ಡುಗಳಲ್ಲಿ, ಲೇತು, ಸಾಣೆಯಂತ್ರ ಇದ್ದ ಕಡೆ, ಬಿಡುವಿದ್ದ ಮೆಕ್ಯಾನಿಕ್ಕುಗಳು ನೆನಪಿಗೆಂದೋ ಮಾರಾಟಕ್ಕೆಂದೋ ಮಾಡಿದವು. ಪರ್ಸ್ಪೆಕ್ಸಿನ ಬಣ್ಣದ ಪದರಗಳನ್ನು ಜೋಡಿಸಿ ಹೊಳಪು ಕೊಟ್ಟ ಹಿಡಿ ಕೊರತೆಯ ಗುರುತು ಹೇಗಾದೀತು, ಅದು ಬೇಸರ ಕಳೆಯುವ ಕೈಕೆಲಸವಲ್ಲವೇ ಎಂದು ಕೇಳಬಹುದು. ಈ ಆಕ್ಷೇಪದಲ್ಲಿ ನಿಜವಿದೆ, ಅದನ್ನು ಒಪ್ಪದೆ ಮುಂದೆ ಹೋಗಲಾಗದು. ಆದರೆ ಬೇರೆಬೇರೆ ಚೂರಿಗಳನ್ನು ಬೇರ್ಪಡಿಸಿ ಓದುವ ದಾರಿ ವಸ್ತುವಿನಲ್ಲೇ ಇದೆ. ಬಳಸಿದ ಅಲಗು ಮತ್ತೆ ಮತ್ತೆ ಸಾಣೆ ಕಂಡು ಬುಡದ ಹತ್ತಿರ ಅಗಲವಾಗಿ, ನಡುವೆ ಕಿರಿದಾಗಿ ಸವೆದಿರುತ್ತದೆ. ಹಿಡಿಯ ಒಂದು ಪಕ್ಕ ಹೆಬ್ಬೆರಳಿಗೆ ತಕ್ಕಂತೆ ತಗ್ಗಾಗಿರುತ್ತದೆ. ಒರೆಯ ಒಳಗೆ ತುಕ್ಕಿನ ಗೆರೆ ಇರುತ್ತದೆ. ನೆನಪಿಗೆ ಮಾಡಿದ್ದರಲ್ಲಿ ಇವು ಇರುವುದಿಲ್ಲ. ನೆನಪಿಗೆ ಮಾಡಿದ್ದೂ ಸುಳ್ಳಲ್ಲ. ಅದು ಬೇರೆ ಸಂಗತಿಯ ದಾಖಲೆ. ಎಷ್ಟು ವಿಮಾನಗಳು ಬಿದ್ದರೆ ಅಷ್ಟೊಂದು ಪರ್ಸ್ಪೆಕ್ಸ್ ಕೈಗೆ ಸಿಗುತ್ತದೆ ಎಂಬ ಪ್ರಶ್ನೆಯನ್ನು ಅದು ನಮ್ಮಿಂದ ಕೇಳಿಸುತ್ತದೆ. ಚೂರಿ ಕಣ್ಣಿಗೆ ಚೆಂದ ಕಂಡಷ್ಟೂ ಅದರ ಹಿಂದಿನ ಕಥೆಯನ್ನು ಅನುಮಾನಿಸಬೇಕು, ಒರಟಾದಷ್ಟೂ ಅದನ್ನು ಎಚ್ಚರದಿಂದ ಓದಬೇಕು ಎಂಬುದು ನನಗೆ ಸರಿಕಾಣುವ ನಿಯಮ.

ಮುಂಡಗೋಡದಲ್ಲಿ ಈ ವಾದ ಇನ್ನಷ್ಟು ಆಳಕ್ಕೆ ಇಳಿಯುತ್ತದೆ. 1959ರ ಮಾರ್ಚ್ 17ರ ರಾತ್ರಿ ಲಾಸಾದಿಂದ ಹೊರಟ ದಲಾಯಿ ಲಾಮಾ ಅದೇ ತಿಂಗಳ ಕೊನೆಯ ದಿನ ಭಾರತದ ಗಡಿ ದಾಟಿದರು. ಸಾವಿರಾರು ಜನ ಹಿಂಬಾಲಿಸಿದರು. ಮೈಸೂರು ರಾಜ್ಯ ಈ ನಿರಾಶ್ರಿತರಿಗೆ ನೆಲ ಕೊಟ್ಟಿತು. ಮೊದಲು ಬೈಲಕುಪ್ಪೆ, ಆಮೇಲೆ 1966ರಲ್ಲಿ ಮುಂಡಗೋಡದ ಸುಮಾರು 4000 ಎಕರೆ ಕಾಡುನೆಲದಲ್ಲಿ ಡೋಗುಲಿಂಗ್ ವಸತಿ. 1969ರಲ್ಲಿ ಬಂಗಾಳದ ಬಕ್ಸಾ ಶಿಬಿರದಿಂದ ಗಾಂಡೆನ್ ಮತ್ತು ಡ್ರೆಪುಂಗ್ ಮಠಗಳ ಭಿಕ್ಷುಗಳು ಇಲ್ಲಿಗೆ ಬಂದರು. ಇಂದು ಮುಂಡಗೋಡವೆಂದರೆ ಹೊರಗಿನವರ ಕಣ್ಣಿಗೆ ಬೀಳುವುದು ಈ ಮಠಗಳ ಬಂಗಾರದ ಚಾವಣಿ, ಕಡುಗೆಂಪು ಉಡುಪು, ತರ್ಕಸಭೆ. ಇದೇ ವಲಸೆಯ ಇನ್ನೊಂದು ಮುಖ ಸಶಸ್ತ್ರ ಹೋರಾಟದ್ದು. 1958ರ ಜೂನ್ 16ರಂದು ದಕ್ಷಿಣ ಟಿಬೆಟಿನ ಲೋಕಾ ಪ್ರದೇಶದಲ್ಲಿ ಆಂಡ್ರುಕ್ ಗೊಂಪೊ ತಾಶಿ ಎಂಬ ವ್ಯಾಪಾರಿಯ ಮುಂದಾಳತ್ವದಲ್ಲಿ ‘ಚುಶಿ ಗಾಂಗ್‌ಡ್ರುಕ್’ ಎಂಬ ಪಡೆ ಕಟ್ಟಲಾಯಿತು. ಖಾಮ್ ಪ್ರಾಂತದ ಕುದುರೆ ಸವಾರರು, ವ್ಯಾಪಾರಿಗಳು, ದೀಕ್ಷೆ ಬಿಟ್ಟು ಬಂದ ಭಿಕ್ಷುಗಳು ಅದರಲ್ಲಿದ್ದರು. ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಇವರಿಗೆ ವಿಮಾನದಿಂದ ಆಯುಧ ಇಳಿಸಿತು. ಮೊದಲು ಇಳಿದವು ಹಳೆಯ ಬ್ರಿಟಿಷ್ ಲೀ-ಎನ್‌ಫೀಲ್ಡ್ ಬಂದೂಕುಗಳು. ಅಮೆರಿಕದ ಮುದ್ರೆಯ ಬಂದೂಕು ಚೀನೀಯರ ಕೈಗೆ ಸಿಕ್ಕರೆ ಕೊಟ್ಟವರು ಯಾರೆಂಬುದು ಬಯಲಾಗುತ್ತಿತ್ತು, ಅದಕ್ಕೇ ಈ ಆಯ್ಕೆ. ಮುಂದೆ 1960ರಿಂದ 1974ರವರೆಗೆ ನೇಪಾಳದ ಮುಸ್ತಾಂಗಿನಿಂದ ಹೋರಾಟ ನಡೆಯಿತು. ದಲಾಯಿ ಲಾಮಾ ಅವರ ಧ್ವನಿಮುದ್ರಿತ ಸಂದೇಶ ಕೇಳಿಸಿದ ಮೇಲೆ ಅವರು ಆಯುಧ ಕೆಳಗಿಟ್ಟರು.

ಭಾರತದ ನೆಲದಲ್ಲಿ ಇದಕ್ಕೆ ಸಮನಾಗಿ ಇನ್ನೊಂದು ಪಡೆ ಬೆಳೆಯುತ್ತಿತ್ತು. ಚೀನಾ ಯುದ್ಧದ ನಡುವೆ, 1962ರ ನವೆಂಬರ್ 14ರಂದು ಹುಟ್ಟಿದ ಸ್ಪೆಷಲ್ ಫ್ರಾಂಟಿಯರ್ ಫೋರ್ಸಿನ ನೆಲೆ ಡೆಹ್ರಾಡೂನಿನ ಆಚೆಯ ಚಕ್ರಾತಾ. ಅದರ ಮೊದಲ ಮುಖ್ಯಸ್ಥ ಸುಜನ್ ಸಿಂಗ್ ಉಬಾನ್ ಎರಡನೇ ಮಹಾಯುದ್ಧದಲ್ಲಿ 22ನೇ ಮೌಂಟನ್ ರೆಜಿಮೆಂಟಿನಲ್ಲಿದ್ದವರು. ಹಾಗಾಗಿ ಪಡೆಗೆ ‘ಎಸ್ಟಾಬ್ಲಿಷ್‌ಮೆಂಟ್ 22’ ಎಂಬ ಹೆಸರೂ ಅಂಟಿತು. ಟಿಬೆಟಿಯನ್ನರು ‘ಟೂಟೂ’ ಎಂದೇ ಕರೆಯುತ್ತಾರೆ. ಪಡೆ ಸೈನ್ಯದ ಅಡಿಯಲ್ಲಿರಲಿಲ್ಲ, ಸಂಪುಟ ಸಚಿವಾಲಯದ ಅಡಿಯಲ್ಲಿತ್ತು. ದಕ್ಷಿಣದ ವಸತಿಗಳ ಶಾಲೆ ಮುಗಿಸಿದ ಹುಡುಗರು ಗುಂಪುಗುಂಪಾಗಿ ಇದಕ್ಕೆ ಸೇರಿದರು. ಮುಂಡಗೋಡವೂ ಅದರಿಂದ ಹೊರತಲ್ಲ. 1971ರಲ್ಲಿ ಈ ಪಡೆಗೆ ಬಂದ ಕೆಲಸ ಚೀನಾದ ಗಡಿಯಲ್ಲಿ ಆಗಿರಲಿಲ್ಲ. ಪೂರ್ವ ಪಾಕಿಸ್ತಾನದ ಚಿತ್ತಗಾಂಗ್ ಗುಡ್ಡಗಾಡಿಗೆ ನುಗ್ಗಬೇಕು, ಪಾಕಿಸ್ತಾನದ ಪಡೆ ಬರ್ಮಾದ ಕಡೆ ತಪ್ಪಿಸಿಕೊಳ್ಳದಂತೆ ತಡೆಯಬೇಕು. ‘ಆಪರೇಷನ್ ಈಗಲ್’ ಎಂಬ ಈ ಕಾರ್ಯಾಚರಣೆಗೆ ಸುಮಾರು 3000 ಟಿಬೆಟಿಯನ್ನರು ಮಿಜೋರಾಂನ ದೇಮಾಗಿರಿಯಿಂದ ಹೊರಟರು. ಡಿಸೆಂಬರ್ 3ರಂದು ಯುದ್ಧ ಬಹಿರಂಗವಾಗಿ ಶುರುವಾಗುವುದಕ್ಕೆ ಮೂರು ವಾರ ಮೊದಲೇ, ನವೆಂಬರಿನ ಮಧ್ಯದಲ್ಲೇ, ಅವರು ಗಡಿ ದಾಟಿದ್ದರು. ಅವರ ನಾಯಕರಲ್ಲೊಬ್ಬರಾದ ದಪೋನ್ ಧೊಂಡುಪ್ ಗ್ಯಾತೊತ್ಸಾಂಗ್ ಆ ಮೊದಲ ದಿನಗಳಲ್ಲೇ ಗುಂಡಿಗೆ ಬಲಿಯಾದರು. ಯುದ್ಧ ಮುಗಿಯುವಾಗ ಸತ್ತವರು ಐವತ್ತರ ಆಸುಪಾಸು, ಗಾಯಗೊಂಡವರು ಸುಮಾರು 190. ಕಾರ್ಯಾಚರಣೆ ಗುಪ್ತವಾದ್ದರಿಂದ ಪದಕಗಳಿಲ್ಲ. ಕೆಲವು ನೂರು ಮಂದಿಗೆ ನಗದು ಬಹುಮಾನ ಸಿಕ್ಕಿತು.

ಅವರ ಕೈಯಲ್ಲಿ ಏನಿತ್ತು? ಬಲ್ಗೇರಿಯಾದಲ್ಲಿ ತಯಾರಾದ ಎಕೆ-47, ಸೊಂಟದಲ್ಲಿ ಟಿಬೆಟಿನ ಚೂರಿ. ಈ ಪಡೆಯ ಬಗ್ಗೆ ಬರೆದವರು ಮತ್ತೆ ಮತ್ತೆ ಹೇಳುವ ಈ ಜೋಡಿಯನ್ನು ಸ್ವಲ್ಪ ನಿಂತು ನೋಡಬೇಕು. 1958ರ ಲೀ-ಎನ್‌ಫೀಲ್ಡಿನ ಹಾಗೆಯೇ 1971ರ ಬಲ್ಗೇರಿಯಾ ಬಂದೂಕು ಸಹ ಕೊಟ್ಟವರ ಗುರುತು ಸಿಗದಿರಲಿ ಎಂದು ಆರಿಸಿದ್ದು. ಹದಿಮೂರು ವರ್ಷಗಳ ಅಂತರದಲ್ಲಿ ಎರಡು ಬೇರೆ ಸರ್ಕಾರಗಳು ಒಂದೇ ಜನರ ಕೈಗೆ ಗುರುತಿಲ್ಲದ ಬಂದೂಕು ಇಟ್ಟವು. ಹೀಗಿರುವಾಗ ಆ ಸಿಪಾಯಿಯ ಮೈಮೇಲೆ ಅವನು ಯಾರೆಂದು ಹೇಳುವ ಒಂದೇ ವಸ್ತು ಉಳಿದದ್ದು ಚೂರಿ. ಅದಕ್ಕೆ ಕಾರ್ಖಾನೆಯ ಮುದ್ರೆ ಇಲ್ಲದಿರಬಹುದು, ಆದರೆ ಮಾಡಿದ ಕೈಯ ಗುರುತು ಇದೆ, ಊರಿನ ರೂಢಿಯ ಆಕಾರ ಇದೆ. ಬಹಿರಂಗ ಯುದ್ಧದ ಕೈಚೂರಿ ಕೊರತೆಯನ್ನು ಹೇಳಿದರೆ, ಗುಪ್ತ ಯುದ್ಧದ ಚೂರಿ ಮುಚ್ಚಿಟ್ಟ ಹೆಸರನ್ನು ಹೇಳುತ್ತದೆ. ನಾನು ಆರಂಭದಲ್ಲಿ ಹೇಳಿದ ಖಾಲಿ ಜಾಗದ ಎರಡು ಬಗೆ ಇವೇ.

ಟಿಬೆಟಿಯನ್ನರಾಗಲಿ ಗೂರ್ಖಾಗಳಾಗಲಿ ಚೂರಿ ಇಟ್ಟುಕೊಳ್ಳುವುದು ಅವರ ಸಂಸ್ಕೃತಿ, ಅದಕ್ಕೆ ಯುದ್ಧದ ಕಾರಣ ಹುಡುಕುವುದು ಏಕೆ ಎಂದು ಮತ್ತೊಬ್ಬರು ಕೇಳಬಹುದು. ಖಾಮ್ ಪ್ರಾಂತದ ಡೆರ್ಗೆ ಪಟ್ಟಣ ಲೋಹದ ಕೆಲಸಕ್ಕೆ ಹೆಸರಾದದ್ದು, ಅಲ್ಲಿನ ಗಂಡಸಿನ ನಡುಕಟ್ಟಿನಲ್ಲಿ ಚೂರಿ ಇರುವುದು ವಾಡಿಕೆ ಎಂಬುದು ನಿಜ. ಉತ್ತರ ಇಲ್ಲಿಯ ಜೋಯಿಡಾದಲ್ಲೇ ಇದೆ. ಅಲ್ಲಿನ ಕುಣಬಿ ಗಂಡಸರು ಕಾಡಿಗೆ ಹೊರಟಾಗ ಸೊಂಟದ ಹಿಂದಿನ ಮರದ ಕೊಕ್ಕೆಗೆ ಕೊಯ್ತಾ ಸಿಕ್ಕಿಸಿಕೊಳ್ಳುತ್ತಾರೆ. ಅದನ್ನು ಆಯುಧವೆಂದು ಯಾರೂ ಕರೆಯುವುದಿಲ್ಲ. ಸೊಪ್ಪು ಸವರಲು, ಬೇಲಿ ಕಟ್ಟಲು, ತೆಂಗಿನಕಾಯಿ ಒಡೆಯಲು, ದಾರಿ ಮಾಡಿಕೊಳ್ಳಲು ಅದೇ. ರೂಢಿಯ ಕತ್ತಿ ಎಲ್ಲ ಕಡೆ ಹೀಗೆಯೇ ಉಪಕರಣ. ಸರ್ಕಾರವೊಂದು ಆ ರೂಢಿಯನ್ನು ತನ್ನ ಯುದ್ಧಕ್ಕೆ ಬಳಸಿಕೊಂಡು ಅದಕ್ಕೆ ಉಗ್ರಾಣದಲ್ಲಿ ಸಾಲು ತೆರೆಯದೆ ಹೋದಾಗ ಮಾತ್ರ ಅದು ಇತಿಹಾಸದ ಸಾಕ್ಷಿಯಾಗುತ್ತದೆ. ಅಲ್ಲದೆ ಮುಂಡಗೋಡದ ಕಾಡುನೆಲವನ್ನು ಗದ್ದೆ ಮಾಡಿದ್ದೂ ಇಂಥ ಕೈಗಳೇ. ಪೊದೆ ಸವರಿ, ಬೇರು ಕಿತ್ತು, ಭತ್ತ, ಗೋವಿನಜೋಳ ಬೆಳೆದ ಆ ಮೊದಲ ವರ್ಷಗಳಲ್ಲಿ ಯುದ್ಧದ ಕತ್ತಿ ಯಾವುದು, ಹೊಲದ ಕತ್ತಿ ಯಾವುದು ಎಂದು ಬೇರ್ಪಡಿಸುವ ಅಗತ್ಯ ಯಾರಿಗೂ ಇರಲಿಲ್ಲ.

ಎಲ್ಲಕ್ಕಿಂತ ತೂಕದ ಆಕ್ಷೇಪ ನೀತಿಯದು. ಅಹಿಂಸೆಯನ್ನು ಜಗತ್ತಿಗೆ ಹೇಳಿದ ಸಮುದಾಯದ ನಡುವೆ, ಎರಡು ದೊಡ್ಡ ಬೌದ್ಧ ಮಠಗಳ ನೆರಳಿನಲ್ಲಿ ಚೂರಿಯ ಇತಿಹಾಸ ಬರೆಯುವುದು ಹಿಂಸೆಯನ್ನು ವೈಭವೀಕರಿಸಿದಂತಲ್ಲವೇ? ಈ ಪ್ರಶ್ನೆಯನ್ನು ಟಿಬೆಟಿಯನ್ನರೇ ಐವತ್ತು ವರ್ಷಗಳಿಂದ ಕೇಳಿಕೊಳ್ಳುತ್ತಿದ್ದಾರೆ. ಮಾನವಶಾಸ್ತ್ರಜ್ಞೆ ಕ್ಯಾರೊಲ್ ಮೆಕ್‌ಗ್ರಾನಹನ್ 2010ರಲ್ಲಿ ಪ್ರಕಟಿಸಿದ ಅಧ್ಯಯನದ ಮುಖ್ಯ ವಿಷಯವೇ ಇದು. ಚುಶಿ ಗಾಂಗ್‌ಡ್ರುಕ್ ಹೋರಾಟಗಾರರ ನೆನಪು ದೇಶಭ್ರಷ್ಟ ಟಿಬೆಟಿನ ಅಧಿಕೃತ ಕಥನದೊಳಗೆ ಹೇಗೆ ತಡೆಹಿಡಿಯಲ್ಪಟ್ಟಿತು ಎಂಬುದನ್ನು ಅವರು ಆ ಮುದುಕರ ಮಾತುಗಳಿಂದಲೇ ಕಟ್ಟಿದ್ದಾರೆ. ಅಂದರೆ ಈ ಸಿಪಾಯಿಗಳನ್ನು ಎರಡು ಬಾರಿ ಬಿಡಲಾಯಿತು: ಗುಪ್ತತೆಯ ಕಾರಣಕ್ಕೆ ಸರ್ಕಾರಗಳು ಬಿಟ್ಟವು, ಅಹಿಂಸೆಯ ಕಾರಣಕ್ಕೆ ಸ್ವಂತ ಜನರ ಕಥನವೂ ಬಿಟ್ಟಿತು. ಚೂರಿಯನ್ನು ದಾಖಲೆಯಾಗಿ ಓದುವುದಕ್ಕೂ ಅದನ್ನು ಪೂಜಿಸುವುದಕ್ಕೂ ದೊಡ್ಡ ಅಂತರವಿದೆ. ಅಹಿಂಸೆಯನ್ನು ಆರಿಸಿಕೊಂಡ ಸಮುದಾಯ ಏನನ್ನು ಕೈಬಿಟ್ಟು ಅದನ್ನು ಆರಿಸಿಕೊಂಡಿತು ಎಂಬುದು ತಿಳಿಯದಿದ್ದರೆ ಆ ಆಯ್ಕೆಯ ಬೆಲೆಯೂ ತಿಳಿಯುವುದಿಲ್ಲ. ಮುಸ್ತಾಂಗಿನಲ್ಲಿ ಆಯುಧ ಕೆಳಗಿಟ್ಟವರಲ್ಲಿ ಕೆಲವರು ಆ ದುಃಖಕ್ಕೆ ಪ್ರಾಣವನ್ನೇ ಕಳೆದುಕೊಂಡರು. ಅದನ್ನು ಹೇಳದೆ ಅಹಿಂಸೆಯ ಕಥೆ ಹೇಳಿದರೆ ಅದು ಅರ್ಧ ಕಥೆ.

ಮುಚ್ಚಿಟ್ಟ ಹೆಸರು ಮೊದಲ ಬಾರಿ ಎಲ್ಲರಿಗೂ ಕೇಳುವಂತೆ ಹೊರಬಂದದ್ದು 2020ರಲ್ಲಿ. ಆ ವರ್ಷದ ಆಗಸ್ಟ್ ಕೊನೆಯಲ್ಲಿ ಪ್ಯಾಂಗಾಂಗ್ ಸರೋವರದ ದಕ್ಷಿಣ ದಂಡೆಯಲ್ಲಿ ಸ್ಪೆಷಲ್ ಫ್ರಾಂಟಿಯರ್ ಫೋರ್ಸಿನ ನ್ಯೀಮಾ ತೆನ್‌ಜಿನ್ ನೆಲಬಾಂಬು ಸಿಡಿದು ಮೃತರಾದರು. ಸೆಪ್ಟೆಂಬರ್ 7ರಂದು ಲೇಹ್‌ನಲ್ಲಿ ನಡೆದ ಅವರ ಅಂತ್ಯಕ್ರಿಯೆಯಲ್ಲಿ ಭಾರತದ ತ್ರಿವರ್ಣ ಧ್ವಜವೂ ಟಿಬೆಟಿನ ಧ್ವಜವೂ ಒಟ್ಟಿಗೆ ಹೊದಿಕೆಯಾದವು. ಅವರ ಸಾವಿಗೆ ಎರಡೂವರೆ ತಿಂಗಳ ಹಿಂದೆ, ಜೂನ್ 15ರ ರಾತ್ರಿ, ಗಲ್ವಾನ್ ಕಣಿವೆಯಲ್ಲಿ 20 ಭಾರತೀಯ ಸೈನಿಕರು ಮಡಿದಿದ್ದರು. ಅಲ್ಲಿ ಒಂದು ಗುಂಡೂ ಹಾರಲಿಲ್ಲ. ನೈಜ ನಿಯಂತ್ರಣ ರೇಖೆಯಿಂದ ಎರಡು ಕಿಲೋಮೀಟರ್ ಒಳಗೆ ಗುಂಡು ಹಾರಿಸುವಂತಿಲ್ಲ ಎಂಬ 1996ರ ಭಾರತ-ಚೀನಾ ಒಪ್ಪಂದ ಬಂದೂಕನ್ನು ಕೈಯಿಂದ ತೆಗೆದಿತ್ತು. ಮೊಳೆ ಬೆಸೆದ ಕಬ್ಬಿಣದ ಸರಳು, ಕಲ್ಲು, ದೊಣ್ಣೆ ಆ ಜಾಗವನ್ನು ತುಂಬಿದವು. ಉಪಗ್ರಹ, ಕ್ಷಿಪಣಿಗಳ ಕಾಲದಲ್ಲಿ ಕೈಯಿಂದ ಮಾಡಿದ ಆಯುಧದ ಮಾತು ಹಳೆಯದಾಯಿತು ಎನ್ನುವವರಿಗೆ ಈ ರಾತ್ರಿಯೇ ಉತ್ತರ. ಕಾಗದದ ಮೇಲೆ ಏನನ್ನು ಕೊಟ್ಟಿದೆ, ಏನನ್ನು ತಡೆದಿದೆ ಎಂಬುದು ಒಪ್ಪಂದ ಓದಿದರೆ ತಿಳಿಯುತ್ತದೆ. ಅದರ ಫಲ ನೆಲದ ಮೇಲೆ ಏನಾಯಿತು ಎಂಬುದು ತಿಳಿಯುವುದು ಆ ಸರಳನ್ನು ನೋಡಿದಾಗ.

ಹಾಗಾದರೆ ಮನೆಮನೆಯ ಕಥೆಗಳನ್ನೆಲ್ಲ ನಂಬಬೇಕೇ? ಬೇಡ. ಅಜ್ಜ ಬರ್ಮಾದಿಂದ ತಂದದ್ದು ಎಂಬ ಮಾತು ಎರಡು ತಲೆಮಾರು ದಾಟಿದರೆ ಅಜ್ಜನೇ ಮಾಡಿದ್ದು, ಜಪಾನಿ ವಿಮಾನದಿಂದ ಮಾಡಿದ್ದು ಎಂದು ಬೆಳೆಯುತ್ತದೆ. ಸಂಗ್ರಹಕಾರರ ಪೇಟೆಯಲ್ಲಿ ನಕಲಿ ಯುದ್ಧಚೂರಿಗಳ ಹಾವಳಿಯೂ ಇದೆ. ಅದಕ್ಕೇ ಕಥೆಗಿಂತ ಮೊದಲು ಲೋಹವನ್ನು ಕೇಳಬೇಕು. ಸ್ಪ್ರಿಂಗ್ ಪಟ್ಟಿಯ ಅಲಗಿಗೆ ಬೆನ್ನು ದಪ್ಪ. ಮೂಲ ಬಾಗು ಸ್ವಲ್ಪವಾದರೂ ಉಳಿದಿರುತ್ತದೆ. ಪಟ್ಟಿಗಳನ್ನು ಒಟ್ಟಿಗೆ ಬಿಗಿಯುವ ನಡುಬೋಲ್ಟಿನ ತೂತು ಕೆಲವೊಮ್ಮೆ ಹಿಡಿಯೊಳಗೆ ಅಡಗಿರುತ್ತದೆ. ಅರದಿಂದ ಮಾಡಿದ್ದರೆ ಬೆನ್ನಿನ ಹತ್ತಿರ ಅಡ್ಡ ಹಲ್ಲುಗಳ ಗುರುತು ಪೂರ್ತಿ ಅಳಿದಿರುವುದಿಲ್ಲ. ಬಯೊನೆಟ್ಟಿನದಾದರೆ ಅಲಗಿನ ಉದ್ದಕ್ಕೂ ಕಾಲುವೆಯಂಥ ಗೀರು, ಬುಡದಲ್ಲಿ ಮುದ್ರೆ ಇರುತ್ತವೆ. ಹಿಡಿ ಆಯಸ್ಕಾಂತಕ್ಕೆ ಅಂಟದೆ ಹಗುರಾಗಿದ್ದರೆ ಅಲ್ಯೂಮಿನಿಯಂ, ಭಾರವಾಗಿ ಹಳದಿಯಾಗಿದ್ದರೆ ಹಿತ್ತಾಳೆ. ತೋಟಾದ ಹಿತ್ತಾಳೆಯಲ್ಲಿ 70 ಭಾಗ ತಾಮ್ರ, 30 ಭಾಗ ಸತು. ಯಾವ ಲೋಹ ಪ್ರಯೋಗಾಲಯವೂ ಅದನ್ನು ಅಳೆದು ಹೇಳಬಲ್ಲದು. ಮನೆಯ ಮಾತು ಮತ್ತು ಲೋಹದ ಮಾತು ಕೂಡಿದರೆ ಅದು ಸಾಕ್ಷ್ಯ. ಕೂಡದಿದ್ದರೆ ಲೋಹದ ಮಾತನ್ನೇ ಹಿಡಿಯಬೇಕು, ಮನೆಯ ಮಾತನ್ನು ನೆನಪು ಎಂಬ ಹೆಸರಿನಲ್ಲಿ ಬೇರೆಯಾಗಿ ಬರೆದಿಡಬೇಕು.

ಗುಜರಿಯಿಂದ ಆಯುಧ ಮಾಡಿದ ಕಥೆಗಳಲ್ಲಿ ಸರ್ಕಾರ ಮಾಡಿದ್ದಾದರೆ ನಮಗೆ ಅಂಕಿಸಂಖ್ಯೆಯ ಸಮೇತ ಗೊತ್ತು. ಎರಡನೇ ಮಹಾಯುದ್ಧ ಮುಗಿದಾಗ ಬ್ರಿಟಿಷರು ಕಾನ್ಪುರದಲ್ಲಿ ಹಾರಲಾಗದಂತೆ ಕೆಡಿಸಿ ಬಿಟ್ಟುಹೋದ ಬಿ-24 ಲಿಬರೇಟರ್ ಬಾಂಬರ್‌ಗಳನ್ನು ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ 1948ರಲ್ಲಿ ಹೆಕ್ಕಿ ತಂದಿತು. ಪೈಲಟ್ ಜಮ್ಷೆದ್ ಮುನ್ಷಿ ಅಲ್ಲೇ ತೇಪೆ ಹಾಕಿಸಿಕೊಂಡ 42 ವಿಮಾನಗಳನ್ನು ಒಂದೊಂದಾಗಿ ಬೆಂಗಳೂರಿಗೆ ಹಾರಿಸಿಕೊಂಡು ಬಂದರು. ದುರಸ್ತಿಯಾದ ಅವು ವಾಯುಪಡೆಯಲ್ಲಿ 1968ರವರೆಗೆ ದುಡಿದವು. ಆ ಸಾಹಸಕ್ಕೆ ಪುಸ್ತಕಗಳಲ್ಲಿ ಜಾಗ ಸಿಕ್ಕಿದೆ, ಸಿಗಲೇಬೇಕಾದದ್ದು. ಒಬ್ಬ ಸಿಪಾಯಿ ಅದೇ ಬುದ್ಧಿಯನ್ನು ಒಂದು ಅಡಿ ಉಕ್ಕಿನ ಮೇಲೆ ತೋರಿಸಿದ್ದಕ್ಕೆ ಒಂದು ಸಾಲೂ ಇಲ್ಲ. ಇದನ್ನು ಸರಿಪಡಿಸಲು ಹಣ ಹೆಚ್ಚು ಬೇಕಿಲ್ಲ, ಸಮಯ ಮಾತ್ರ ಕಡಿಮೆ ಇದೆ. 1971ರಲ್ಲಿ ಇಪ್ಪತ್ತು ವರ್ಷದವರಾಗಿದ್ದವರು ಈಗ ಎಪ್ಪತ್ತೈದರ ಸುತ್ತಮುತ್ತ ಇದ್ದಾರೆ.

ಆದ್ದರಿಂದ ಹಳಿಯಾಳ, ಮುಂಡಗೋಡದ ಮಾಜಿ ಸೈನಿಕರ ಮನೆಯವರಲ್ಲಿ ಒಂದು ಕೋರಿಕೆ. ಅಂಥ ಕತ್ತಿಯೊಂದು ಅಟ್ಟದ ಮೇಲೋ ಟ್ರಂಕಿನಲ್ಲೋ ಇದ್ದರೆ ಅದನ್ನು ಗುಜರಿಗೆ ಹಾಕಬೇಡಿ, ಹೊಳಪು ಬರಲೆಂದು ಉಜ್ಜಬೇಡಿ, ಸಾಣೆ ಹಿಡಿಸಬೇಡಿ. ತುಕ್ಕು, ಗೀರು, ಸವೆತಗಳೇ ಅದರ ಬರಹ. ಉದ್ದ, ಅಗಲ, ತೂಕ ಬರೆದು, ಎರಡೂ ಮಗ್ಗುಲಿನ ಫೋಟೊ ತೆಗೆದು, ಅದನ್ನು ಯಾರು, ಯಾವ ಊರಿನಲ್ಲಿ, ಯಾವುದರಿಂದ ಮಾಡಿದರು ಎಂದು ಮನೆಯ ಹಿರಿಯರು ಹೇಳುವುದನ್ನು ಅವರ ಮಾತಿನಲ್ಲೇ, ಅವರ ಭಾಷೆಯಲ್ಲೇ ದಾಖಲಿಸಿ. 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗು, ಮನೆ ಮತ್ತು ಬೇಸಾಯದ ಬಳಕೆಯದಲ್ಲದಿದ್ದರೆ, ಶಸ್ತ್ರ ನಿಯಮಗಳ ಪಟ್ಟಿಗೆ ಬರುತ್ತದೆ; ಮನೆಯಲ್ಲಿಡಲು ಅಂಜಿಕೆಯಾದರೆ ಬಿಸಾಡುವ ಬದಲು ಬೆಳಗಾವಿಯ ಮರಾಠಾ ರೆಜಿಮೆಂಟಲ್ ಕೇಂದ್ರದ ವಸ್ತುಸಂಗ್ರಹಾಲಯವನ್ನೋ ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯನ್ನೋ ಕೇಳಿ ನೋಡಿ. ಹಿರಿಯರ ಮಾತನ್ನು ಬರೆದುಕೊಳ್ಳುವ ಕೆಲಸವನ್ನಂತೂ ಈ ವರ್ಷವೇ ಮುಗಿಸಿ.